ಹೇಳಿಕೊಂಡವರ ಪಟ್ಟಿ, ಬಯಲಿಗೆಳೆದವರ ವರದಿ: ರಿಯೋ 2016ರ ಒಂದು ಪ್ರಕರಣ

2016ರ ಆಗಸ್ಟ್ 11, ಗುರುವಾರ. ಮಾರನೇ ದಿನ ವರಮಹಾಲಕ್ಷ್ಮಿ ಹಬ್ಬ. ನಾನಾಗ ಕನ್ನಡ ಪತ್ರಿಕೆಯೊಂದರ ಕ್ರೀಡಾ ಡೆಸ್ಕ್‌ನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ರಿಯೋ ಒಲಿಂಪಿಕ್ಸ್ ಶುರುವಾಗಿ ಆರು ದಿನವಾಗಿತ್ತು. ಭಾರತಕ್ಕೆ ಇನ್ನೂ ಒಂದು ಪದಕವೂ ಬಂದಿರಲಿಲ್ಲ. ಎರಡು ಪುಟ ತುಂಬಬೇಕು, ಸೋತವರ ಸುದ್ದಿಯನ್ನೇ ಎಷ್ಟಂತ ಬರೆಯೋದು? ಇಂಥ ದಿನಗಳಲ್ಲಿ ಡೆಸ್ಕ್‌ನವರ ಕಣ್ಣು ಬಾಕ್ಸ್ ಐಟಂ ಹುಡುಕುತ್ತಿರುತ್ತದೆ. ಚಿಕ್ಕದಾಗಿರಬೇಕು, ಸ್ವಲ್ಪ ಮಜಾ ಇರಬೇಕು, ಬೆಳಗ್ಗೆ ಕಾಫಿ ಕುಡಿಯುವವರು ಪಕ್ಕದವರಿಗೆ ಓದಿ ಹೇಳುವಂತಿರಬೇಕು.

ನನಗೆ ಒಂದು ಸಿಕ್ಕಿತು. ಅಮೆರಿಕದ ‘ಡೈಲಿ ಬೀಸ್ಟ್’ ಅನ್ನುವ ಸುದ್ದಿತಾಣದ ವರದಿ. ಒಲಿಂಪಿಕ್ಸ್ ಗ್ರಾಮದಲ್ಲಿ ಡೇಟಿಂಗ್ ಆ್ಯಪ್‌ಗಳ ಭರಾಟೆ ಬಗ್ಗೆ. ಅರ್ಧ ಗಂಟೆಯಲ್ಲಿ ನೂರೈವತ್ತು ಪದಕ್ಕೆ ಇಳಿಸಿ, ‘ಕ್ರೀಡಾ ಗ್ರಾಮದಲ್ಲಿ ಡೇಟಿಂಗ್ ಸುಗ್ಗಿ’ ಅಂತ ಹೆಡಿಂಗ್ ಕೊಟ್ಟು, ಪುಟದ ಮೂಲೆಗೆ ಕೂರಿಸಿದೆ. ಆ ವರದಿಗಾರ ಯಾವ ಯಾವ ದೇಶದವರನ್ನು ಆ್ಯಪ್‌ನಲ್ಲಿ ಕಂಡ ಅನ್ನೋದನ್ನೂ ಸೇರಿಸಿದ್ದೆ. ಬಣ್ಣ ಬರಲಿ ಅಂತ.

ಹತ್ತು ಗಂಟೆ ಸುಮಾರಿಗೆ ಚಿನ್ನದಂಗಡಿಯ ಅರ್ಧ ಪುಟದ ಜಾಹೀರಾತು ಬಂತು. ಹಬ್ಬದ ಹಿಂದಿನ ರಾತ್ರಿ ಅಲ್ವಾ. ನನ್ನ ಬಾಕ್ಸ್ ಬಿದ್ದುಹೋಯಿತು. ಬೇಜಾರಾಗಿತ್ತು ಕೂಡ. ಮಾರನೇ ದಿನ ಒಬ್ಬಟ್ಟು ತಿಂದು ಆಫೀಸಿಗೆ ಬಂದು, ಇವತ್ತಾದರೂ ಹಾಕೋಣ ಅಂತ ಮೂಲ ವರದಿ ತೆರೆದರೆ ಅದು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಸಂಪಾದಕರ ಕ್ಷಮಾಪಣೆ ಇತ್ತು.

ನಾನು ಮಾಡಬೇಕಿದ್ದ ತಪ್ಪನ್ನು ತಡೆದದ್ದು ನನ್ನ ವಿವೇಕವಲ್ಲ, ಚಿನ್ನದಂಗಡಿ. ಅದನ್ನು ಒಪ್ಪಿಕೊಂಡೇ ಈ ಪ್ರಕರಣದ ಬಗ್ಗೆ ಬರೆಯುತ್ತಿದ್ದೇನೆ. ಎಲ್‌ಜಿಬಿಟಿ (ಸಲಿಂಗಿ, ದ್ವಿಲಿಂಗಿ, ಟ್ರಾನ್ಸ್‌ಜೆಂಡರ್) ಸಮುದಾಯಕ್ಕೆಂದೇ ನಡೆಯುವ ಸುದ್ದಿತಾಣಗಳು ಯಾಕೆ ಬೇಕು, ಮಾಮೂಲಿ ಪತ್ರಿಕೆಗಳು ಸಾಲವಾ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗೋದು ಆ ವಾರ.

ಆ ವರದಿಯಲ್ಲಿ ಏನಿತ್ತು

ಬರೆದವರು ಡೈಲಿ ಬೀಸ್ಟ್‌ನ ಲಂಡನ್ ಸಂಪಾದಕ ನಿಕೊ ಹೈನ್ಸ್. ರಿಯೋಗೆ ವರದಿ ಮಾಡಲು ಹೋಗಿದ್ದರು. ಟಿಂಡರ್, ಬಂಬಲ್, ಗ್ರೈಂಡರ್ ಮುಂತಾದ ಆ್ಯಪ್‌ಗಳನ್ನು ತೆರೆದು, ಕ್ರೀಡಾಪಟುಗಳು ಎಷ್ಟು ಸುಲಭವಾಗಿ ಸಿಗುತ್ತಾರೆ ಅಂತ ನೋಡುವುದು ಅವರ ಯೋಜನೆ. ಎಲ್ಲಕ್ಕಿಂತ ಬೇಗ ಉತ್ತರ ಬಂದದ್ದು ಗ್ರೈಂಡರ್‌ನಲ್ಲಿ. ಒಂದು ಗಂಟೆಯಲ್ಲಿ ಮೂರು ಡೇಟ್ ಸಿಕ್ಕವು ಅನ್ನೋದೇ ತಲೆಬರಹ. ತಾನು ಸಲಿಂಗಿಯಲ್ಲ, ತನಗೆ ಹೆಂಡತಿ, ಮಗು ಇದ್ದಾರೆ ಅಂತ ಅವರೇ ಅದರಲ್ಲಿ ಬರೆದುಕೊಂಡಿದ್ದರು. ಯಾರಿಗೂ ಸುಳ್ಳು ಹೇಳಿಲ್ಲ, ಕೇಳಿದವರಿಗೆ ಪತ್ರಕರ್ತ ಅಂತ ಹೇಳಿದ್ದೇನೆ ಅನ್ನೋದು ಸಮರ್ಥನೆ.

ಗ್ರೈಂಡರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: 2009ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಆ್ಯಪ್. ಗೇ ಮತ್ತು ಬೈಸೆಕ್ಷುವಲ್ ಗಂಡಸರು ಪರಸ್ಪರ ಪರಿಚಯ ಮಾಡಿಕೊಳ್ಳೋದಕ್ಕೆ. ತೆರೆದರೆ ಚಿಕ್ಕ ಚಿಕ್ಕ ಫೋಟೊಗಳ ಚೌಕಗಳು, ಹತ್ತಿರದವರು ಮೇಲೆ, ದೂರದವರು ಕೆಳಗೆ. ಒಬ್ಬರು ಎಷ್ಟು ಮೀಟರ್ ದೂರದಲ್ಲಿದ್ದಾರೆ ಅಂತಲೂ ಕಾಣಿಸಬಹುದು. ನಮ್ಮಲ್ಲೂ ಮುಖದ ಬದಲು ಹೂವು, ಬೆನ್ನು, ಸೂರ್ಯಾಸ್ತದ ಚಿತ್ರ ಹಾಕಿಕೊಂಡವರೇ ಜಾಸ್ತಿ. ಯಾರು ನೋಡಬಹುದು ಅನ್ನುವ ಭಯ, ಯಾರಾದರೂ ನೋಡಲಿ ಅನ್ನುವ ಆಸೆ, ಎರಡೂ ಒಂದೇ ಚೌಕದಲ್ಲಿರುತ್ತವೆ. ಒಲಿಂಪಿಕ್ಸ್ ಗ್ರಾಮದಲ್ಲಿ ಇದನ್ನು ತೆರೆದರೆ, ಇನ್ನೂರಕ್ಕೂ ಹೆಚ್ಚು ದೇಶಗಳಿಂದ ಬಂದ ಸುಮಾರು 11,000 ಕ್ರೀಡಾಪಟುಗಳಲ್ಲಿ ಆ್ಯಪ್ ಇಟ್ಟುಕೊಂಡವರು ಕೈಯಳತೆಯಲ್ಲಿ ಕಾಣುತ್ತಾರೆ.

ಹೈನ್ಸ್ ಯಾರ ಹೆಸರನ್ನೂ ಹಾಕಿರಲಿಲ್ಲ. ಇದನ್ನೇ ಹಿಡಿದುಕೊಂಡು ಆಮೇಲೂ ಕೆಲವರು ವಾದಿಸಿದರು. ಆದರೆ ಕೆಲವರ ದೇಶ ಹೇಳಿದ್ದರು. ಎತ್ತರ, ತೂಕ ಹೇಳಿದ್ದರು. ಸಲಿಂಗಿಗಳನ್ನು ಕಂಡರಾಗದ ದೇಶದಿಂದ ಬಂದವರ ವಿಷಯವನ್ನೂ ಬಿಟ್ಟಿರಲಿಲ್ಲ. ಊರಲ್ಲಿ ಬೆಳೆದವರಿಗೆ ಇದು ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ‘ಹೆಸರು ಬೇಡ ಬಿಡಿ, ಕೆರೆ ಏರಿ ಹತ್ತಿರದ ಮನೆ, ದೊಡ್ಡ ಮಗ, ಬೆಂಗಳೂರಲ್ಲಿದಾನೆ’ ಅಂದರೆ ಮುಗೀತಲ್ಲ. ಹೆಸರು ಹೇಳದೆ ಇರೋದು ಹೇಳುವವರ ರಕ್ಷಣೆಗೆ ಅಷ್ಟೆ. ರಿಯೋದಲ್ಲಿ ಕೆರೆ ಏರಿ ಇನ್ನೂ ಚಿಕ್ಕದು. ಒಲಿಂಪಿಕ್ಸ್‌ನ ಅಧಿಕೃತ ತಾಣದಲ್ಲೇ ಪ್ರತಿ ಕ್ರೀಡಾಪಟುವಿನ ಎತ್ತರ, ತೂಕ ಇತ್ತು. ಎಷ್ಟೋ ದೇಶಗಳಿಂದ ಬಂದವರು ಹತ್ತು ಮಂದಿಯೂ ಇಲ್ಲ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಟೊಂಗಾದಿಂದ ಬಂದವರು ಏಳೇ ಜನ.

ಆಗ 70ಕ್ಕೂ ಹೆಚ್ಚು ದೇಶಗಳಲ್ಲಿ ಸಲಿಂಗ ಸಂಬಂಧ ಕಾನೂನಿನ ಪ್ರಕಾರ ಅಪರಾಧ. ಆ ಸಾಲಿನಲ್ಲಿ ನಾವೂ ಇದ್ದೆವು. ಸಲಿಂಗ ಸಂಬಂಧವನ್ನು ಅಪರಾಧ ಅನ್ನುವ, ದೆಹಲಿ ಹೈಕೋರ್ಟ್ 2009ರಲ್ಲಿ ಸಡಿಲಿಸಿದ್ದ 377ನೇ ಕಲಮನ್ನು ಸುಪ್ರೀಂ ಕೋರ್ಟ್ 2013ರ ಡಿಸೆಂಬರ್‌ನಲ್ಲಿ ಮತ್ತೆ ಜೀವಂತ ಮಾಡಿತ್ತು. ಅದು ಅಪರಾಧವಲ್ಲ ಅಂದ 2018ರ ಸೆಪ್ಟೆಂಬರ್ 6ರ ತೀರ್ಪಿಗೆ ಇನ್ನೂ ಎರಡು ವರ್ಷ ಬಾಕಿ. ಅಂದರೆ ನಾನು ಬಣ್ಣ ಬರಲಿ ಅಂತ ದೇಶಗಳ ಹೆಸರು ಸೇರಿಸಿದೆನಲ್ಲ, ಅದೇ ಲೆಕ್ಕದಲ್ಲಿ ಯಾವನೋ ವಿದೇಶಿ ಪತ್ರಕರ್ತ ‘ಭಾರತದಿಂದ ಬಂದ ಇಷ್ಟೆತ್ತರದ ಹುಡುಗ’ ಅಂತ ಬರೆದಿದ್ದರೆ, ಆ ಹುಡುಗ ವಾಪಸ್ ಬಂದು ಇಳಿಯಬೇಕಿದ್ದದ್ದು 377 ಇರುವ ದೇಶಕ್ಕೆ. ಡೆಸ್ಕ್‌ನಲ್ಲಿ ಕೂತಿದ್ದಾಗ ಇದು ನನ್ನ ತಲೆಗೇ ಹೋಗಿರಲಿಲ್ಲ.

ಒಂದು ದಿನದೊಳಗೆ

ಜೋರಾಗಿ ಕೇಳಿದ ಮೊದಲ ದನಿಗಳಲ್ಲಿ ಒಂದು ಅಮಿನಿ ಫೊನುವಾ ಅವರದು. ಟೊಂಗಾದ ಈಜುಗಾರ, 2012ರ ಲಂಡನ್ ಕೂಟದಲ್ಲಿ ತನ್ನ ದೇಶದ ಬಾವುಟ ಹಿಡಿದವರು, ತಾನು ಗೇ ಅಂತ ಬಹಿರಂಗವಾಗಿ ಹೇಳಿಕೊಂಡವರು. ಟೊಂಗಾದಲ್ಲಿ ಗಂಡಸರ ನಡುವಿನ ಸಂಬಂಧಕ್ಕೆ ಹತ್ತು ವರ್ಷದವರೆಗೆ ಜೈಲು ಎಂದು ಕಾನೂನಿದೆ. ತಾನು ತಾನಾಗಿ ಇರಬಹುದಾದ ಒಂದೇ ಒಂದು ಜಾಗವನ್ನೂ, ಇದೆಲ್ಲ ತಮಾಷೆ ಅಂದುಕೊಂಡ ಒಬ್ಬ ಬಂದು ಹಾಳು ಮಾಡಿದರೆ ಹೇಗಿರುತ್ತದೆ ಯೋಚಿಸಿ ಅಂತ ಅವರು ಟ್ವಿಟರ್‌ನಲ್ಲಿ ಬರೆದರು. ಈ ವರದಿಯ ವಿರುದ್ಧ ನೂರು ಸಂಪಾದಕೀಯ ಬಂದರೂ ಇಷ್ಟು ಕೆಲಸ ಮಾಡುತ್ತಿರಲಿಲ್ಲ. ಮಾತಾಡಿದವರು ಅದೇ ಗ್ರಾಮದಲ್ಲಿ ಮಲಗಿ ಏಳುತ್ತಿದ್ದವರು.

ಸಮುದಾಯದ ಸುದ್ದಿತಾಣಗಳು ಅಂದೇ ಎದ್ದು ಕೂತವು. ಸ್ಲೇಟ್‌ನಂಥ ಮಾಮೂಲಿ ತಾಣದಲ್ಲೂ ಸಲಿಂಗಿ ವಿಷಯಗಳನ್ನು ನೋಡಿಕೊಳ್ಳುವ ಬರಹಗಾರರು ಇದನ್ನು ಪತ್ರಿಕಾಧರ್ಮಕ್ಕೇ ಅಪಚಾರ ಅಂತ ಬಿಡಿಬಿಡಿಯಾಗಿ ವಿವರಿಸಿದರು. ಅಮೆರಿಕದ ಎಲ್‌ಜಿಬಿಟಿ ಪತ್ರಕರ್ತರ ಸಂಘ ಖಂಡಿಸಿತು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದನ್ನು ಒಪ್ಪಲಾಗದು ಎಂದಿತು. ಡೈಲಿ ಬೀಸ್ಟ್ ಮೊದಲು ವರದಿಯನ್ನು ತಿದ್ದಿತು. ತಲೆಬರಹದಿಂದ ಗ್ರೈಂಡರ್ ಮಾಯವಾಯಿತು. ಚಹರೆಯ ವಿವರಗಳು ಹೋದವು. ಮೇಲೊಂದು ಟಿಪ್ಪಣಿ ಬಂತು. ಅದು ಸಾಲಲಿಲ್ಲ. ಅದೇ ರಾತ್ರಿ ಇಡೀ ವರದಿಯನ್ನು ತೆಗೆದು, ನಾವು ತಪ್ಪು ಮಾಡಿದ್ದೇವೆ ಅಂತ ಬರೆದರು. ಹೈನ್ಸ್ ರಿಯೋದಿಂದ ವಾಪಸ್ ಹೊರಟರು. ಅವರ ಸ್ವಂತ ಕ್ಷಮಾಪಣೆ ಬಂದದ್ದು ಏಳು ತಿಂಗಳ ಮೇಲೆ, 2017ರ ಮಾರ್ಚ್‌ನಲ್ಲಿ.

ಇಷ್ಟೇ ಆಗಿದ್ದರೆ ಇದೊಂದು ಕೆಟ್ಟ ವರದಿಯ ಕಥೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಆ ವರದಿ ಬರುವ ಹೊತ್ತಿಗೆ, ಅದೇ ರಿಯೋದ ಸಲಿಂಗಿ ಕ್ರೀಡಾಪಟುಗಳ ಬಗ್ಗೆ ಇನ್ನೊಂದು ಸುದ್ದಿತಾಣ ಹೆಸರು, ದೇಶ, ಆಟ ಎಲ್ಲ ಹಾಕಿ ಉದ್ದನೆಯ ಪಟ್ಟಿಯನ್ನೇ ಪ್ರಕಟಿಸಿತ್ತು. ಯಾರೂ ಗಲಾಟೆ ಮಾಡಲಿಲ್ಲ. ಪಟ್ಟಿಯಲ್ಲಿದ್ದವರು ಖುಷಿಪಟ್ಟರು.

ಔಟ್‌ಸ್ಪೋರ್ಟ್ಸ್ ಮತ್ತು 56 ಹೆಸರು

ಆ ತಾಣದ ಹೆಸರು ಔಟ್‌ಸ್ಪೋರ್ಟ್ಸ್. 1999ರಲ್ಲಿ ಸಿಡ್ ಜೀಗ್ಲರ್ ಮತ್ತು ಜಿಮ್ ಬುಜಿನ್ಸ್ಕಿ ಅನ್ನುವ ಇಬ್ಬರು ಶುರು ಮಾಡಿದ್ದು. ಶುರುವಿನಲ್ಲಿ ಅದು ಅಮೆರಿಕನ್ ಫುಟ್‌ಬಾಲ್ ಹುಚ್ಚಿನ ಗೇ ಅಭಿಮಾನಿಗಳ ಮಾತುಕತೆ ಅಷ್ಟೆ. ಆಟ ನೋಡೋದು, ಆಟಗಾರರ ಬಗ್ಗೆ ಹರಟೋದು. ಗೇ ಅಂದರೆ ಆಟ ಗೊತ್ತಿಲ್ಲ ಅನ್ನುವವರ ಮಧ್ಯೆ ಅದೇ ಒಂದು ಸುದ್ದಿ. ಬರುಬರುತ್ತಾ ಕ್ರೀಡಾಪಟುಗಳು ತಮ್ಮ ಬಗ್ಗೆ ತಾವೇ ಬರೆದು ಕಳಿಸುವ ಜಾಗವಾಯಿತು. 2013ರಲ್ಲಿ ವಾಕ್ಸ್ ಮೀಡಿಯಾ ಅನ್ನುವ ದೊಡ್ಡ ಕಂಪನಿಯ ತೆಕ್ಕೆಗೆ ಬಂತು. 2014ರಲ್ಲಿ ನ್ಯೂಜಿಲೆಂಡ್‌ನ ದೋಣಿ ಹುಟ್ಟುಗಾರ ರಾಬಿ ಮ್ಯಾನ್ಸನ್ ತಾನು ಗೇ ಅಂತ ಜಗತ್ತಿಗೆ ಹೇಳಿಕೊಂಡದ್ದು ಈ ತಾಣದಲ್ಲೇ, ಅವರದೇ ಮಾತಿನಲ್ಲಿ. ಎರಡು ವರ್ಷದ ಮೇಲೆ ಅವರು ರಿಯೋದಲ್ಲಿ ಹುಟ್ಟು ಹಾಕುತ್ತಿದ್ದರು.

ಪ್ರತಿ ಒಲಿಂಪಿಕ್ಸ್‌ಗೂ ಔಟ್‌ಸ್ಪೋರ್ಟ್ಸ್ ಒಂದು ಪಟ್ಟಿ ಮಾಡುತ್ತದೆ. ತಾವು ಎಲ್‌ಜಿಬಿಟಿ ಎಂದು ಬಹಿರಂಗವಾಗಿ ಹೇಳಿಕೊಂಡ ಕ್ರೀಡಾಪಟುಗಳು ಈ ಸಲ ಯಾರು ಯಾರು ಅಂತ. ಇದಕ್ಕೆ ಟೋನಿ ಸ್ಕಪಮ್-ಬಿಲ್ಟನ್ ಎಂಬ ಇತಿಹಾಸಾಸಕ್ತರೊಬ್ಬರ ನೆರವೂ ಇದೆ. 2012ರ ಲಂಡನ್ ಕೂಟದಲ್ಲಿ ಸಿಕ್ಕಿದ್ದು 23 ಹೆಸರು. ರಿಯೋದಲ್ಲಿ ಪಟ್ಟಿ ದಿನದಿನಕ್ಕೂ ಬೆಳೆದು 56ಕ್ಕೆ ಮುಟ್ಟಿತು. ಅದರಲ್ಲಿ ಹೆಂಗಸರೇ ಹೆಚ್ಚು, ಗಂಡಸರು ಕೆಲವೇ ಮಂದಿ. ಬ್ರಿಟನ್ ಹಾಕಿ ತಂಡದ ದಂಪತಿ ಕೇಟ್ ಮತ್ತು ಹೆಲೆನ್ ರಿಚರ್ಡ್‌ಸನ್-ವಾಲ್ಷ್ ಇದ್ದರು, ಇಬ್ಬರೂ ಚಿನ್ನ ಗೆದ್ದರು. ಡೈವಿಂಗ್‌ನ ಟಾಮ್ ಡೇಲಿ ಇದ್ದರು. ಫೊನುವಾ ಕೂಡ ಇದ್ದರು.

ಪಟ್ಟಿ ಬೆಳೆಯುವ ರೀತಿ ನೋಡಬೇಕು. ಆಗಸ್ಟ್ 8ರಂದು, ಅಂದರೆ ಆ ಕೆಟ್ಟ ವರದಿಗೆ ಮೂರು ದಿನ ಮೊದಲು, ರಿಯೋದಲ್ಲಿ ಎರಡು ಘಟನೆ ನಡೆದವು. ಬ್ರೆಜಿಲ್‌ಗೆ ಆ ಕೂಟದ ಮೊದಲ ಚಿನ್ನ ತಂದವರು ಜೂಡೋದ ರಫಾಯೆಲಾ ಸಿಲ್ವಾ. ‘ಸಿಟಿ ಆಫ್ ಗಾಡ್’ ಎಂದು ಜಗತ್ತಿಗೆ ಗೊತ್ತಿರುವ ರಿಯೋದ ಬಡ ಬಡಾವಣೆಯ ಹುಡುಗಿ. ಲಂಡನ್‌ನಲ್ಲಿ ಅನರ್ಹಗೊಂಡಾಗ ಮೈಬಣ್ಣ ಹಿಡಿದು ಬೈಸಿಕೊಂಡಿದ್ದರು. ಗೆದ್ದ ಮೇಲೆ ತಮ್ಮ ಗೆಳತಿಯ ಬಗ್ಗೆ ಬ್ರೆಜಿಲ್‌ನ ಮಾಧ್ಯಮದೆದುರು ಮಾತಾಡಿದರು. ಅದೇ ದಿನ ಮಹಿಳಾ ರಗ್ಬಿ ಮುಗಿದ ಮೇಲೆ ಇನ್ನೊಂದು. ಕ್ರೀಡಾಂಗಣದಲ್ಲಿ ಮ್ಯಾನೇಜರ್ ಆಗಿದ್ದ ಮಾರ್ಜೊರಿ ಎನ್ಯಾ ಮೈಕು ಹಿಡಿದು, ಬ್ರೆಜಿಲ್ ತಂಡದ ಆಟಗಾರ್ತಿ ಇಸಡೋರಾ ಸೆರುಲ್ಲೊಗೆ ಎಲ್ಲರೆದುರು ಮದುವೆಯ ಮಾತು ಕೇಳಿದರು. ಉಂಗುರ ಇರಲಿಲ್ಲ. ಬೆರಳಿಗೆ ಬಂಗಾರ ಬಣ್ಣದ ರಿಬ್ಬನ್ ಕಟ್ಟಿದರು. ಸುದ್ದಿ ಮಾಡಲು ಬೇಕಾದ್ದೆಲ್ಲ ಅಲ್ಲಿತ್ತು. ಯಾರ ಫೋನಿನ ಒಳಗೂ ಇಣುಕಬೇಕಿರಲಿಲ್ಲ.

ಒಂದೇ ಊರು, ಒಂದೇ ವಾರ, ಒಂದೇ ವಿಷಯ. ಒಂದು ತಾಣ 56 ಜನರ ಹೆಸರು ಹಾಕಿ ಯಾರಿಗೂ ನೋವು ಮಾಡಲಿಲ್ಲ. ಇನ್ನೊಂದು ಒಬ್ಬರ ಹೆಸರನ್ನೂ ಹಾಕದೆ ಪ್ರಾಣಭಯ ತಂದಿತು.

‘ಕೊಳ್ಳು’

ಈ ವ್ಯತ್ಯಾಸವನ್ನು ಇಂಗ್ಲಿಷ್‌ನಲ್ಲಿ ವಿವರಿಸಲು ಜನ ಸಮ್ಮತಿ, ಖಾಸಗಿತನ ಅಂತೆಲ್ಲ ದೊಡ್ಡ ಮಾತು ತರುತ್ತಾರೆ. ಅವೂ ಬೇಕು. ಆದರೆ ಕನ್ನಡದಲ್ಲಿ ಇದಕ್ಕೆ ಒಂದು ಪುಟ್ಟ ಸಹಾಯಕ ಕ್ರಿಯಾಪದ ಸಾಕು ಅನ್ನಿಸುತ್ತದೆ: ‘ಕೊಳ್ಳು’. ಹೇಳಿದರು, ಹೇಳಿಕೊಂಡರು. ಎರಡರ ನಡುವಿನ ದೂರ ನಮಗೆಲ್ಲ ಗೊತ್ತು. ಕಷ್ಟ ಹೇಳಿಕೊಂಡರು ಅಂದಾಗ ಹೇಳಿದವರದೇ ಕಷ್ಟ, ಹೇಳಿದ್ದು ಅವರದೇ ಇಷ್ಟ, ಕೇಳಿದವರನ್ನು ಆರಿಸಿದ್ದೂ ಅವರೇ. ಔಟ್‌ಸ್ಪೋರ್ಟ್ಸ್ ಪಟ್ಟಿಯಲ್ಲಿ ಇದ್ದವರೆಲ್ಲ ಹೇಳಿಕೊಂಡವರು.

ನಮ್ಮ ಸುದ್ದಿಮನೆಗಳಿಗೆ ಪ್ರಿಯವಾದ ಪದ ಬೇರೆ. ಬಯಲಿಗೆಳೆಯುವುದು. ಹಗರಣ ಬಯಲಿಗೆ, ಅಕ್ರಮ ಬಯಲಿಗೆ, ಬಣ್ಣ ಬಯಲು. ಟಿ.ವಿ. ಪರದೆ ಮೇಲೆ ಕೆಂಪು ಪಟ್ಟಿಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಒಳ್ಳೆಯ ಪದವೇ. ಕೆರೆ ನುಂಗಿದವನನ್ನು ಬಯಲಿಗೆಳೆಯಲೇಬೇಕು. ತೊಂದರೆ ಏನೆಂದರೆ, ಒಬ್ಬ ಮನುಷ್ಯ ಯಾರನ್ನು ಇಷ್ಟಪಡುತ್ತಾನೆ ಅನ್ನೋದಕ್ಕೂ ಅದೇ ಪದವನ್ನು ಕೈ ತಾನಾಗಿ ಟೈಪ್ ಮಾಡುತ್ತದೆ. ಪದ ಬಂತು ಅಂದರೆ ಅದರ ಹಿಂದೆ ಅಪರಾಧದ ವಾಸನೆಯೂ ಬಂತು. ‘ಸಲಿಂಗಕಾಮ’ ಅನ್ನುವ ಪದವೂ ಹಾಗೇ. ಗಂಡುಹೆಣ್ಣು ಪ್ರೀತಿಸಿದರೆ ಪ್ರೇಮಿಗಳು. ಗಂಡುಗಂಡು ಪ್ರೀತಿಸಿದರೆ ನೇರ ಕಾಮಕ್ಕೆ ಇಳಿದುಬಿಡುತ್ತೇವೆ.

ಸಮುದಾಯಕ್ಕೆಂದೇ ಇರುವ ಸುದ್ದಿತಾಣದ ಮೊದಲ ಕೆಲಸ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಯಾವ ಪದ ಎಲ್ಲಿ ಕಚ್ಚುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ, ಯಾಕಂದರೆ ಕಚ್ಚಿಸಿಕೊಂಡವರೇ ಅಲ್ಲಿ ಬರೆಯುತ್ತಿರುತ್ತಾರೆ. ಎರಡನೇ ಕೆಲಸ ಕಣ್ಣಿಗೆ ಕಾಣೋದೇ ಇಲ್ಲ: ಪ್ರಕಟಿಸದೆ ಬಿಡೋದು. ಇಂಥ ತಾಣ ನಡೆಸುವವರ ಕಿವಿಗೆ ಇನ್ನೂ ಹೇಳಿಕೊಳ್ಳದ ಆಟಗಾರರ ಹೆಸರು ಬೀಳದೆ ಇರುತ್ತದಾ? 56ರ ಹಿಂದೆ ಇನ್ನೆಷ್ಟು ಹೆಸರು ಪಟ್ಟಿಗೆ ಬಾರದೆ ಉಳಿದಿರಬೇಡ. ಆ ಬಾರದ ಹೆಸರುಗಳೇ ಪಟ್ಟಿಯ ಮರ್ಯಾದೆ.

ಹೈದರಾಬಾದ್, 2011

ರಿಯೋ ಪ್ರಕರಣ ಓದುವಾಗ ನನಗೆ ಐದು ವರ್ಷ ಹಿಂದಿನ ಹೈದರಾಬಾದ್ ನೆನಪಾಗುತ್ತಲೇ ಇತ್ತು. 2011ರ ಫೆಬ್ರವರಿ 22ರಂದು ತೆಲುಗಿನ ಟಿವಿ9 ವಾಹಿನಿ, ನಗರದಲ್ಲಿ ಗೇ ಸಂಸ್ಕೃತಿ ಹಬ್ಬುತ್ತಿದೆ ಅಂತ ಒಂದು ಕಾರ್ಯಕ್ರಮ ಪ್ರಸಾರ ಮಾಡಿತು. ಗೇ ಗಂಡಸರ ಡೇಟಿಂಗ್ ತಾಣವೊಂದಕ್ಕೆ ಹೊಕ್ಕು ಅಲ್ಲಿನ ಫೋಟೊಗಳನ್ನು ಪರದೆ ಮೇಲೆ ತೋರಿಸಿದರು. ಕೆಲವರಿಗೆ ಫೋನ್ ಮಾಡಿ, ಸ್ನೇಹದ ನಾಟಕವಾಡಿ, ಖಾಸಗಿ ಪ್ರಶ್ನೆ ಕೇಳಿ, ಆ ಮಾತುಕತೆಯನ್ನು ಅವರಿಗೆ ತಿಳಿಸದೆ ಪ್ರಸಾರ ಮಾಡಿದರು. ಇದೇ ಸಂಸ್ಥೆಯ ಕನ್ನಡ ವಾಹಿನಿ ಆಗಲೇ ನಮ್ಮ ಮನೆಮನೆಯಲ್ಲಿತ್ತು. ಹಾಗಾಗಿ ಇದು ಯಾವುದೋ ದೂರದ ಕಥೆ ಅಲ್ಲ.

ಅದಕ್ಕೆ ಒಂದು ವರ್ಷ ಮೊದಲಷ್ಟೇ ಅಲಿಗಢದಲ್ಲಿ ಸಲಿಂಗಿಯಾಗಿದ್ದ ಪ್ರೊ. ರಾಮಚಂದ್ರ ಸಿರಸ್ ಅವರ ಮನೆಯೊಳಗೆ ಕೆಲವರು ಕ್ಯಾಮೆರಾ ಹಿಡಿದು ನುಗ್ಗಿದ್ದರು. ವಿಶ್ವವಿದ್ಯಾಲಯ ಅಮಾನತು ಮಾಡಿತ್ತು. ಅಲಹಾಬಾದ್ ಹೈಕೋರ್ಟ್ ಅವರ ಪರ ಆದೇಶ ಕೊಟ್ಟ ಕೆಲವೇ ದಿನಕ್ಕೆ, 2010ರ ಏಪ್ರಿಲ್‌ನಲ್ಲಿ ಅವರು ಬಾಡಿಗೆ ಮನೆಯಲ್ಲಿ ಸತ್ತು ಬಿದ್ದಿದ್ದರು. ಹೈದರಾಬಾದಿನ ಕಾರ್ಯಕ್ರಮ ನೋಡಿದವರಿಗೆ ಸಿರಸ್ ನೆನಪಾಗದೆ ಇರಲು ಸಾಧ್ಯವೇ ಇರಲಿಲ್ಲ.

ಸಮುದಾಯದ ಸಂಘಟನೆಗಳು ದೂರು ಕೊಟ್ಟವು. ನ್ಯಾ. ಜೆ.ಎಸ್. ವರ್ಮಾ ಅಧ್ಯಕ್ಷತೆಯ ಸುದ್ದಿ ಪ್ರಸಾರ ಮಾನದಂಡಗಳ ಪ್ರಾಧಿಕಾರ ಮಾರ್ಚ್‌ನಲ್ಲಿ ಆದೇಶ ಕೊಟ್ಟಿತು: ಖಾಸಗಿತನದ ನಿಯಮ ಮುರಿದಿದ್ದೀರಿ, ಕುಟುಕು ಕಾರ್ಯಾಚರಣೆಯನ್ನು ದುರುಪಯೋಗ ಮಾಡಿದ್ದೀರಿ, 1 ಲಕ್ಷ ರೂಪಾಯಿ ದಂಡ ಕಟ್ಟಿ, ಮೂರು ದಿನ ಕ್ಷಮಾಪಣೆ ಪ್ರಸಾರ ಮಾಡಿ.

ರಿಯೋದಲ್ಲಿ ಒಂದು ದಿನ, ಹೈದರಾಬಾದಿನಲ್ಲಿ ಒಂದು ತಿಂಗಳು. ಈ ವ್ಯತ್ಯಾಸಕ್ಕೆ ಟ್ವಿಟರ್ ಬೆಳೆದದ್ದು ಒಂದು ಕಾರಣ. ಇನ್ನೊಂದು ನನಗೆ ಮುಖ್ಯ. ರಿಯೋದಲ್ಲಿ ಫೊನುವಾ ಮಾತಾಡಬಹುದಿತ್ತು, ಅವರು ಆಗಲೇ ಹೇಳಿಕೊಂಡಾಗಿತ್ತು. ಹೈದರಾಬಾದಿನಲ್ಲಿ ಪರದೆ ಮೇಲೆ ಮುಖ ಬಂದವರು ದೂರು ಕೊಡಬೇಕೆಂದರೆ ‘ಹೌದು, ಅದು ನಾನೇ’ ಅಂತ ಮೊದಲು ಸಹಿ ಹಾಕಬೇಕು. ಗಾಯ ತೋರಿಸಬೇಕೆಂದರೆ ಬಟ್ಟೆ ಬಿಚ್ಚಲೇಬೇಕು. ಹೀಗಿದ್ದಾಗ ಅವರ ಪರವಾಗಿ ಸಹಿ ಹಾಕುವವರು, ಅವರ ಹೆಸರೆತ್ತದೆ ಅವರ ಮಾತು ಬರೆಯುವವರು ಬೇಕಾಗುತ್ತದೆ.

ಭಾರತದಲ್ಲಿ ಅಂಥ ತಾಣಗಳು ಆಗಷ್ಟೇ ಕಣ್ಣು ಬಿಡುತ್ತಿದ್ದವು. ಮುಂಬೈನ ‘ಬಾಂಬೆ ದೋಸ್ತ್’ 1990ರಿಂದಲೇ ಇದ್ದರೂ ಅದು ಅಚ್ಚಿನ ಪತ್ರಿಕೆ. ಗೇಸಿ ತಾಣ 2008ರದು. ಗೇಲಾಕ್ಸಿಯನ್ನು ಸುಖದೀಪ್ ಸಿಂಗ್ 2010ರಲ್ಲಿ ಇ-ಪತ್ರಿಕೆಯಾಗಿ ಶುರು ಮಾಡಿದ್ದರು, ಅದಕ್ಕಿನ್ನೂ ಒಂದು ವರ್ಷ. ಚೆನ್ನೈನ ಒರಿನಂ ತಮಿಳು, ಇಂಗ್ಲಿಷ್ ಎರಡರಲ್ಲೂ ಬರೆಯುತ್ತಿತ್ತು. ಬಹುಪಾಲು ಬರಹ ಇಂಗ್ಲಿಷಿನಲ್ಲಿ. ಹಾನಿಯಾದದ್ದು ತೆಲುಗಿನಲ್ಲಿ. ಒಬ್ಬನ ಫೋಟೊ ಟಿ.ವಿ.ಯಲ್ಲಿ ಬಂದಾಗ ಅವನ ಅಮ್ಮ ನೋಡಿದ್ದು ತೆಲುಗು ವಾಹಿನಿ, ಅವನ ಪರವಾಗಿ ಬಂದ ಲೇಖನ ಅವಳಿಗೆ ಓದಲು ಬಾರದ ಭಾಷೆಯಲ್ಲಿ. ಗೇಲಾಕ್ಸಿ ಮುಂದೆ ಹಿಂದಿಯಲ್ಲೂ ಬರತೊಡಗಿತು. ಕನ್ನಡದಲ್ಲಿ ಈ ಕೆಲಸವನ್ನು ತುಂಬಾ ವರ್ಷ ಮಾಡಿದ್ದು ಸುದ್ದಿತಾಣಗಳಿಗಿಂತ ಜಾಸ್ತಿ ಸಂಘಟನೆಗಳು. ಬೆಂಗಳೂರಿನ ‘ಸಂಗಮ’ದಂಥವು. ಅವರ ಕರಪತ್ರ ಓದಿ ಪದ ಕಲಿತ ವರದಿಗಾರರು ನಮ್ಮಲ್ಲಿ ಇದ್ದಾರೆ, ನಾನೂ ಒಬ್ಬ.

ಪಟ್ಟಿಯ ಬಗ್ಗೆ ನನ್ನ ಅನುಮಾನಗಳು

ಔಟ್‌ಸ್ಪೋರ್ಟ್ಸ್ ದೇವರಲ್ಲ. ಪಟ್ಟಿ ಮಾಡೋದೇ ಯಾಕೆ, ಈಜುವವರನ್ನು ಈಜುಗಾರರಾಗಿ ಬಿಡಬಾರದಾ ಅಂತ ಕೇಳುವವರಿದ್ದಾರೆ. ಕ್ಲಿಕ್ ಬೇಕು ಅನ್ನೋದೂ ಸುಳ್ಳಲ್ಲ. ಅದೂ ಒಂದು ಕಂಪನಿಯ ತಾಣ, ಒಲಿಂಪಿಕ್ಸ್ ಅವರಿಗೂ ಸುಗ್ಗಿಯೇ. ಆದರೆ ಲಂಡನ್‌ನ 23 ಟೋಕಿಯೊ ಹೊತ್ತಿಗೆ 186ಕ್ಕೆ ಮುಟ್ಟಿದ್ದನ್ನು ನೋಡಿದರೆ, ಯಾರಾದರೂ ಎಣಿಸದಿದ್ದರೆ ಈ ಬದಲಾವಣೆ ಗೊತ್ತೇ ಆಗುತ್ತಿರಲಿಲ್ಲ. ಮಣಿಪುರದಲ್ಲೋ ಮಂಡ್ಯದಲ್ಲೋ ಬೆಳಗ್ಗೆ ಐದಕ್ಕೆ ಎದ್ದು ಓಡುವ ಹುಡುಗಿಗೆ, ನನ್ನಂಥವರು ಅಲ್ಲಿಗೆ ಹೋಗಿದ್ದಾರೆ ಅಂತ ಗೊತ್ತಾಗೋದು ಹೆಸರುಗಳಿಂದಲೇ.

ನನ್ನ ನಿಜವಾದ ಅನುಮಾನ ಅಂಚಿನಲ್ಲಿರುವವರ ಬಗ್ಗೆ. ಇನ್‌ಸ್ಟಾಗ್ರಾಂನಲ್ಲಿ ಗೆಳತಿಯ ಜೊತೆ ಫೋಟೊ ಹಾಕಿದರೆ ಅದು ಹೇಳಿಕೊಂಡಂತೆಯಾ? ಗೆಳೆಯರಿಗೆ ಹೇಳಿಕೊಂಡದ್ದು ಊರಿಗೆ ಹೇಳಿಕೊಂಡಂತೆ ಆಗುತ್ತದಾ? ‘ಕೊಳ್ಳು’ ಕೂಡ ಯಾವಾಗಲೂ ಶುದ್ಧವಾಗಿರಲ್ಲ. ಒಡಿಶಾದ ಚಾಕಾ ಗೋಪಾಲಪುರದ ನೇಕಾರರ ಮನೆಯ ಹುಡುಗಿ ದ್ಯುತಿ ಚಾಂದ್ ರಿಯೋದಲ್ಲಿ 100 ಮೀಟರ್ ಓಡಿದರು, ನನ್ನ ಬಾಕ್ಸ್ ಬಿದ್ದುಹೋದ ಮಾರನೇ ದಿನವೇ. ಆ 56ರಲ್ಲಿ ಅವರ ಹೆಸರಿರಲಿಲ್ಲ. 377 ಬಿದ್ದ ಮೇಲೆ, 2019ರ ಮೇ ತಿಂಗಳಲ್ಲಿ, ತನಗೊಬ್ಬಳು ಸಂಗಾತಿ ಇದ್ದಾಳೆ ಅಂತ ಹೇಳಿಕೊಂಡರು. ಹಾಗೆ ಹೇಳಿಕೊಂಡ ಮೊದಲ ಭಾರತೀಯ ಕ್ರೀಡಾಪಟು. ಆದರೆ ಮನೆಯೊಳಗಿನ ಒತ್ತಡದಿಂದಾಗಿ ಬಾಯಿಬಿಡಬೇಕಾಯಿತು ಅಂತಲೂ ಅವರೇ ಹೇಳಿದರು. ಸಂಗಾತಿಯ ಹೆಸರನ್ನು ಮಾತ್ರ ಹೇಳಲಿಲ್ಲ. ಅದು ಇನ್ನೊಬ್ಬರು ಹೇಳಿಕೊಳ್ಳಬೇಕಾದದ್ದು.

ಕಾನೂನೂ ನಿಧಾನವಾಗಿ ಅದೇ ಕಡೆ ಬಂತು. ರಿಯೋ ಮುಗಿದು ಒಂದು ವರ್ಷಕ್ಕೆ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಲೈಂಗಿಕ ಒಲವು ಆ ಖಾಸಗಿತನದ ಭಾಗ ಅಂತಲೂ ಸ್ಪಷ್ಟವಾಗಿ ಬರೆದರು. ಆ ಪ್ರಕರಣದ ಮೊದಲ ಅರ್ಜಿದಾರರು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಕೋರ್ಟಿಗೆ ಹೋದದ್ದು ಆಧಾರ್ ವಿರುದ್ಧ.

ಇಷ್ಟಾದರೂ ಇಣುಕುವವರು ನಿಂತಿಲ್ಲ. 2021ರಲ್ಲಿ ಟೋಕಿಯೊ ಕೂಟ ನಡೆದಾಗ, ದೂರದಿಂದಲೇ ಯಾವುದೇ ಜಾಗದ ಪ್ರೊಫೈಲ್ ನೋಡಬಹುದಾದ ಗ್ರೈಂಡರ್ ಸೌಲಭ್ಯ ಬಳಸಿ, ಕ್ರೀಡಾ ಗ್ರಾಮದಲ್ಲಿದ್ದವರ ಮುಖಗಳನ್ನು ಟಿಕ್‌ಟಾಕ್‌ಗೆ ಹಾಕಿದವರಿದ್ದರು. ಈ ಸಲ ಸಂಪಾದಕ ಇಲ್ಲ, ಕ್ಷಮಾಪಣೆ ಇಲ್ಲ, ವಾಪಸ್ ಕರೆಸಲು ವರದಿಗಾರನೂ ಇಲ್ಲ. 2022ರ ಬೀಜಿಂಗ್ ಚಳಿಗಾಲದ ಕೂಟಕ್ಕೂ 2024ರ ಪ್ಯಾರಿಸ್ ಕೂಟಕ್ಕೂ ಗ್ರೈಂಡರ್ ಕಂಪನಿಯೇ ಗ್ರಾಮದ ಸುತ್ತ ಆ ಸೌಲಭ್ಯಗಳನ್ನು ಮುಚ್ಚಿತು.

ಟೋಕಿಯೊ ಹೊತ್ತಿಗೆ ನಾನು ಅದೇ ಡೆಸ್ಕ್‌ನಲ್ಲಿ, ಆದರೆ ಪುಟ ಬಿಡುವ ಕುರ್ಚಿಯಲ್ಲಿದ್ದೆ. ಔಟ್‌ಸ್ಪೋರ್ಟ್ಸ್ ಪಟ್ಟಿಯಲ್ಲಿ ಈ ಸಲ ದ್ಯುತಿ ಇದ್ದಾರೆ ಅಂತ ಹೊಸದಾಗಿ ಸೇರಿದ ಹುಡುಗನೊಬ್ಬ ಚಿಕ್ಕ ಸುದ್ದಿ ಮಾಡಿದ್ದ. ಹೆಡಿಂಗ್‌ನಲ್ಲಿ ‘ಸಲಿಂಗಿ ಎಂದು ಬಯಲಾಗಿದ್ದ ಓಟಗಾರ್ತಿ ದ್ಯುತಿ’ ಅಂತ ಇತ್ತು.

‘ಬಯಲು ತೆಗೆದು ಹೇಳಿಕೊಂಡ ಅಂತ ಮಾಡಪ್ಪ’ ಅಂದೆ.

ಮಾಡಿದ. ಆಮೇಲೆ ಪರದೆ ನೋಡಿ ತಲೆ ಕೆರೆದುಕೊಂಡ. ‘ಸರ್, ಎರಡು ಕಾಲಂಗೆ ಕೂರ್ತಾ ಇಲ್ಲ. ಪದ ಉದ್ದ ಆಯ್ತು.’

‘ಓಟಗಾರ್ತಿ ತೆಗಿ. ದ್ಯುತಿ ಓಡ್ತಾರೆ ಅಂತ ಎಲ್ಲರಿಗೂ ಗೊತ್ತು.’